ಸೊಂಟ ನೋಡಿ, ಬಣ್ಣ ನಂಬಬೇಡಿ

ಹುಳಹುಪ್ಪಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಒಂಟಿ ಕಣಜಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಪ್ರಶ್ನೆಗಳ ರಾಶಿ ಬಂದು ಬಿದ್ದಿದೆ. ಫೋಟೊಗಳಂತೂ ಲೆಕ್ಕಕ್ಕಿಲ್ಲ. ಅದರಲ್ಲಿ ಅರ್ಧ ಮಸುಕು. ಗುಂಪು ಕಟ್ಟದೆ, ರಾಣಿ-ಆಳು ಅನ್ನುವ ಏರ್ಪಾಡಿಲ್ಲದೆ, ಹೆಣ್ಣೊಂದೇ ಗೂಡು ಮಾಡಿ, ಬೇಟೆ ತಂದಿಟ್ಟು, ಮೊಟ್ಟೆಯಿಟ್ಟು, ಗೂಡಿನ ಬಾಯಿ ಮುಚ್ಚಿ ಹೊರಟುಹೋಗುವ ಕಣಜಕ್ಕೆ ಒಂಟಿ ಕಣಜ ಅನ್ನುತ್ತೇವೆ. ನಾನು ಮೊದಲು ಜೋಧಪುರದಲ್ಲಿ, ಆಮೇಲೆ ಧಾರವಾಡದ ಕಾಲೇಜೊಂದರಲ್ಲಿ ಇದ್ದಾಗ ಇವುಗಳ ಹಿಂದೆಯೇ ಅಲೆದವಳು. ಹಾಗಾಗಿ ಈ ಸಲದ ಪುಟಗಳನ್ನೆಲ್ಲ ಇವಕ್ಕೇ ಬಿಟ್ಟುಕೊಡಿ ಅಂತ ಸಂಪಾದಕರನ್ನು ಒಪ್ಪಿಸಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮೂರು ಮುಂಡರಗಿ ತಾಲ್ಲೂಕು. ಗದಗ ಕಡೆ ಗಾಳಿಯಂತ್ರಗಳ ರಿಪೇರಿ ಮಾಡುತ್ತಿದ್ದೆ. ಈಗ ಅದೇ ಕೆಲಸದ ಮೇಲೆ ರಾಜಸ್ಥಾನದ ಜೈಸಲ್ಮೇರ್‌ಗೆ ಬಂದಿದ್ದೇನೆ. ಇಲ್ಲಿ ಕಂಬದ ಬುಡದ ಮರಳಲ್ಲಿ ದಾರದಂಥ ಸೊಂಟದ ಕಪ್ಪು ಹುಳವೊಂದು ತೂತು ತೋಡುತ್ತಿತ್ತು. ಹೊಟ್ಟೆಯ ಮುಂದಿನ ಭಾಗ ಕೆಂಪು. ಸ್ವಲ್ಪ ಹೊತ್ತಾದ ಮೇಲೆ ಹಸಿರು ಕೀಡೆಯೊಂದನ್ನು ಹೊತ್ತು ತಂದಿತು. ಫೋನಿನ ಆ್ಯಪ್‌ಗೆ ಹಾಕಿದರೆ 'ಅಮೋಫಿಲಾ ಪ್ರೊಸೆರಾ' ಅಂತು. ಸರಿಯೇ? ಇನ್ನೆರಡು ಹುಳಗಳ ಫೋಟೊ ಕೂಡ ಇಟ್ಟಿದ್ದೇನೆ. ಒಂದು ಹಳದಿ ಪಟ್ಟೆಯದು, ನಾವು ಊಟಕ್ಕೆ ಕೂತಲ್ಲಿಗೇ ಬರುತ್ತದೆ. ಇನ್ನೊಂದು ಇಟ್ಟಿಗೆ ಕೆಂಪಿನದು, ಕಂಟ್ರೋಲ್ ರೂಮಿನ ಗೋಡೆಗೆ ಮಣ್ಣು ಮೆತ್ತುತ್ತಿದೆ.

ಉತ್ತರ: ತಮ್ಮಾ, ನಿನ್ನ ಆ್ಯಪ್ ಅರ್ಧ ಸರಿ ಹೇಳಿದೆ. ಅಮೋಫಿಲಾ ಅನ್ನುವವರೆಗೆ ನನ್ನ ತಕರಾರಿಲ್ಲ. ಪ್ರೊಸೆರಾ ಮಾತ್ರ ಅಮೆರಿಕದ ಹುಳ. ಅದಕ್ಕೂ ಜೈಸಲ್ಮೇರಿಗೂ ಸಂಬಂಧವೇ ಇಲ್ಲ. ಈ ಆ್ಯಪ್‌ಗಳು ಕಲಿತಿರುವುದು ಜನ ಹಾಕಿದ ಫೋಟೊ ನೋಡಿ. ಅಮೆರಿಕ, ಯುರೋಪಿನವರು ಹಾಕಿದ್ದೇ ಜಾಸ್ತಿ. ಹಾಗಾಗಿ ನಮ್ಮ ಹುಳಕ್ಕೆ ಅವರ ಹೆಸರು ಅಂಟಿಸುತ್ತವೆ. ಆ್ಯಪ್ ಏನಾದರೂ ಹೆಸರು ಹೇಳಿದರೆ ಮೊದಲು ಕೇಳಬೇಕಾದ್ದು ಒಂದೇ: ಈ ಹುಳ ಈ ಸೀಮೆಯಲ್ಲಿ ಇದೆಯಾ?

ಅಮೋಫಿಲಾ ಕುಲದಲ್ಲಿ ಜಗತ್ತಿನಾದ್ಯಂತ 200ಕ್ಕೂ ಹೆಚ್ಚು ಪ್ರಭೇದಗಳಿವೆ. ಅದರಲ್ಲಿ ಎಷ್ಟೋ ಹುಳಗಳು ನೀನು ನೋಡಿದ ಹಾಗೇ ಕಪ್ಪು-ಕೆಂಪು. ಬಣ್ಣ ನೋಡಿ ಪ್ರಭೇದ ಹೇಳುವುದು ಅಂದರೆ ಜಾತ್ರೆಯಲ್ಲಿ ಬಿಳಿ ಅಂಗಿಯವನನ್ನು ಹುಡುಕಿದ ಹಾಗೆ. ಬೇರೆ ಬೇರೆ ಕುಟುಂಬದ ಕಣಜಗಳೂ ಒಂದೇ ಬಣ್ಣ ತೊಡುತ್ತವೆ. ಒಂದರ ಕೈಲಿ ಚುಚ್ಚಿಸಿಕೊಂಡ ಹಕ್ಕಿ, ಹಲ್ಲಿ ಆ ಬಣ್ಣದ ಎಲ್ಲವನ್ನೂ ಬಿಟ್ಟುಬಿಡುತ್ತದೆ. ಅದು ಅವುಗಳಿಗೆ ಲಾಭ, ನಮಗೆ ತಲೆನೋವು.

ಹಾಗಾದರೆ ನಾನು ಅಮೋಫಿಲಾ ಅಂತ ಹೇಗೆ ಒಪ್ಪಿದೆ? ಸೊಂಟ ನೋಡಿ. ನೀನು ಪಕ್ಕದಿಂದ ತೆಗೆದ ಎರಡನೇ ಫೋಟೊ ಇದೆಯಲ್ಲ, ಅದು ಚೆನ್ನಾಗಿದೆ. ಸೊಂಟ ಉದ್ದ, ನಡುವೆ ಒಂದು ಗೆಣ್ಣು. ಅಲ್ಲಿಂದ ಹೊಟ್ಟೆ ನಿಧಾನಕ್ಕೆ ದಪ್ಪವಾಗುತ್ತಾ ಹೋಗಿದೆ. ಇದರ ಹತ್ತಿರದ ನೆಂಟ ಪೊಡಲೋನಿಯಾದಲ್ಲಿ ಸೊಂಟ ಗಿಡ್ಡ ತಂತಿ, ಹೊಟ್ಟೆ ಇದ್ದಕ್ಕಿದ್ದಂತೆ ಗುಂಡಗೆ ಉಬ್ಬಿರುತ್ತದೆ. ಎರಡೂ ಕಪ್ಪು-ಕೆಂಪೇ. ಎರಡೂ ಕೀಡೆಯನ್ನೇ ಹಿಡಿಯುತ್ತವೆ. ನಡವಳಿಕೆಯಲ್ಲಿ ಮಾತ್ರ ವ್ಯತ್ಯಾಸ ಇದೆ. ಅಮೋಫಿಲಾ ಸಾಮಾನ್ಯವಾಗಿ ಮೊದಲು ಗೂಡು ತೋಡುತ್ತದೆ, ಬಾಯಿಗೆ ಒಂದು ಹರಳು ಇಡುತ್ತದೆ, ಆಮೇಲೆ ಬೇಟೆಗೆ ಹೋಗುತ್ತದೆ. ಪೊಡಲೋನಿಯಾ ಮೊದಲು ಕೀಡೆ ಹಿಡಿದು, ಅದನ್ನು ಪಕ್ಕಕ್ಕಿಟ್ಟು, ಆಮೇಲೆ ತೋಡಲು ಶುರು ಮಾಡುತ್ತದೆ. ಮೊದಲು ತೂತು, ಆಮೇಲೆ ಕೀಡೆ ಅಂತ ನೀನು ಬರೆದೆ ನೋಡು, ನನಗೆ ಅದು ಫೋಟೊಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಮುಂದಿನ ಸಲ ಗೂಡು ಮುಚ್ಚುವವರೆಗೆ ಕಾದು ನೋಡು. ಕೀಡೆಯನ್ನು ಒಳಗಿಟ್ಟು, ಅದರ ಪಕ್ಕೆಗೆ ಮೊಟ್ಟೆ ಅಂಟಿಸಿ ಹೊರಬರುತ್ತದೆ. ತೂತಿಗೆ ಮರಳು ತುಂಬುತ್ತದೆ. ಆಮೇಲೆ ಸುತ್ತ ಹುಡುಕಿ ಜೋಳದ ಕಾಳಿಗಿಂತ ಚಿಕ್ಕದಾದ ಹರಳೊಂದನ್ನು ದವಡೆಯಲ್ಲಿ ಕಚ್ಚಿ ತರುತ್ತದೆ. ತಲೆ ಕೆಳಗೆ, ಹೊಟ್ಟೆ ಮೇಲೆ. ಆ ಹರಳಿನಿಂದ ಮರಳನ್ನು ಟಪಟಪ ಕುಟ್ಟುತ್ತದೆ. ಕುಟ್ಟುವಾಗ 'ಝೀ' ಅಂತ ಸಣ್ಣ ಸದ್ದು ಬರುತ್ತದೆ. ಹರಳು ಸರಿಬರದಿದ್ದರೆ ಎಸೆದು ಇನ್ನೊಂದು ತರುತ್ತದೆ. ಕೊನೆಗೆ ಎಲ್ಲಿತ್ತು ಗೂಡು ಅಂತ ನಮಗೇ ಗೊತ್ತಾಗುವುದಿಲ್ಲ. 1898ರಲ್ಲೇ ಅಮೆರಿಕದ ಪೆಕಮ್ ದಂಪತಿ ಇದನ್ನು ನೋಡಿ ಬರೆದಿಟ್ಟರು. ಹುಳವೊಂದು ಸಲಕರಣೆ ಬಳಸುತ್ತದೆ ಅಂದಾಗ ಜನ ನಂಬಲು ಹಿಂದೆಮುಂದೆ ನೋಡಿದರು.

ಇನ್ನು ಹಳದಿ ಪಟ್ಟೆಯದು ಬೆಂಬಿಕ್ಸ್. ದಪ್ಪ ಮೈ, ದೊಡ್ಡ ಕಣ್ಣು, ಸೊಂಟ ಕಾಣುವುದೇ ಇಲ್ಲ. ಮುಖವನ್ನು ಎದುರಿನಿಂದ ನೋಡಿದರೆ ಮೇಲ್ದುಟಿ ಉದ್ದಕ್ಕೆ ಕೊಕ್ಕಿನ ಹಾಗೆ ಕೆಳಕ್ಕೆ ಇಳಿದಿರುತ್ತದೆ. ಹೆಣ್ಣಿನ ಮುಂಗಾಲಿನಲ್ಲಿ ಮುಳ್ಳುಗಳ ಸಾಲು ಇದೆ. ಅದರಿಂದಲೇ ಮರಳನ್ನು ಹಿಂದಕ್ಕೆ ಕೆರೆದು ಎರಚುತ್ತದೆ. ನಿಮ್ಮ ಡಬ್ಬಿ ಹತ್ತಿರ ಬರುವುದು ಅನ್ನಕ್ಕಲ್ಲ, ನೊಣಕ್ಕೆ. ಊಟದ ಸುತ್ತ, ಒಂಟೆಗಳ ಸುತ್ತ ನೊಣ ಹಿಡಿಯುವುದೇ ಅದರ ಕಸುಬು. ಬೇರೆ ಬಹುತೇಕ ಒಂಟಿ ಕಣಜಗಳು ಒಮ್ಮೆಗೇ ಬುತ್ತಿ ಕಟ್ಟಿಟ್ಟು ಹೋದರೆ, ಬೆಂಬಿಕ್ಸ್ ತಾಯಿ ಮರಿ ಬೆಳೆಯುವವರೆಗೂ ತಾಜಾ ನೊಣ ತಂದು ತಂದು ಹಾಕುತ್ತದೆ. ಇದರಲ್ಲೂ 300ಕ್ಕೂ ಹೆಚ್ಚು ಪ್ರಭೇದಗಳಿವೆ. ಮರುಭೂಮಿಯವು ಹೆಚ್ಚಾಗಿ ತೆಳು ಬಣ್ಣದವು. ಪ್ರಭೇದ ಹೇಳಬೇಕಾದರೆ ಗಂಡಿನ ಕಾಲು, ಹೊಟ್ಟೆಯ ಅಡಿಭಾಗ ನೋಡಬೇಕು. ಫೋಟೊದಲ್ಲಿ ಅದು ಆಗದ ಮಾತು.

ಇಟ್ಟಿಗೆ ಕೆಂಪಿನದು ಡೆಲ್ಟಾ, ಮಡಕೆ ಮಾಡುವ ಕಣಜಗಳ ಪೈಕಿ ದೊಡ್ಡದು. ಅದು ಕೂತಾಗ ರೆಕ್ಕೆ ನೋಡು. ಉದ್ದಕ್ಕೆ ಮಡಿಚಿ ಸಪೂರ ಮಾಡಿಕೊಂಡಿರುತ್ತದೆ. ನಿನ್ನ ಫೋಟೊದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿದೆ. ಉತ್ತರ ಆಫ್ರಿಕಾದಿಂದ ಅರಬ್ ನಾಡು ದಾಟಿ ನಮ್ಮ ವಾಯವ್ಯದವರೆಗೆ ಇರುವ ಡೆಲ್ಟಾ ಡಿಮಿಡಿಯಾಟಿಪೆನ್ನೆ ಆಗಿರುವ ಸಾಧ್ಯತೆ ಹೆಚ್ಚು. ನಿನ್ನ ಪುಸ್ತಕದಲ್ಲಿ ಬರೆದುಕೊಳ್ಳುವಾಗ ಮಾತ್ರ 'ಡೆಲ್ಟಾ, ಪ್ರಾಯಶಃ ಡಿಮಿಡಿಯಾಟಿಪೆನ್ನೆ' ಅಂತಲೇ ಬರಿ. ಆ 'ಪ್ರಾಯಶಃ' ಬಿಡಬೇಡ.

ಬೇಸಿಗೆಯ ಮಧ್ಯಾಹ್ನ ಅಲ್ಲಿ ಮರಳಿನ ಮೇಲ್ಮೈ 60 ಡಿಗ್ರಿ ದಾಟುತ್ತದೆ. ಆಗ ಹುಡುಕಿ ಉಪಯೋಗವಿಲ್ಲ, ನೀನೂ ಬೇಯುತ್ತೀ. ಬೆಳಗ್ಗೆ ಹೋಗು. ಜೈಸಲ್ಮೇರಿನಲ್ಲಿ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ, ಅಷ್ಟೇ. ಗದಗಿನಲ್ಲಿ ಅದರ ಸುಮಾರು ಮೂರು ಪಟ್ಟು. ಹಾಗಾಗಿ ಅಲ್ಲಿ ಎಲ್ಲವೂ ಆ ನಾಲ್ಕು ಹನಿಯ ಬೆನ್ನಿಗೇ ನಡೆಯುತ್ತದೆ. ಮಳೆ ಬಿದ್ದ ಮೇಲೆ ಎಕ್ಕೆ ಗಿಡದ ಹೂವಿನ ಹತ್ತಿರ ಸುಮ್ನೆ ನಿಲ್ಲು. ಮಕರಂದಕ್ಕೆ ಗಂಡು-ಹೆಣ್ಣು ಎರಡೂ ಬರುತ್ತವೆ. ಅಲ್ಲಿ ಖೇಜಡಿ ಅಂತಾರಲ್ಲ, ಅದು ನಮ್ಮ ದಸರೆಯ ಬನ್ನಿ ಮರವೇ. ಅದು ಹೂಬಿಟ್ಟಾಗಲೂ ನೋಡು. ಸಂಜೆ ಒಣ ಕಡ್ಡಿಗಳನ್ನು ಗಮನಿಸಿದರೆ ಅಮೋಫಿಲಾಗಳು ದವಡೆಯಿಂದ ಕಡ್ಡಿ ಕಚ್ಚಿ ಹಿಡಿದು ಹಾಗೇ ಮಲಗಿರುವುದು ಸಿಕ್ಕೀತು. ಫೋಟೊಕ್ಕೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ಅಲುಗಾಡುವುದಿಲ್ಲ.

ಪ್ರತಿ ಹುಳಕ್ಕೂ ಪಕ್ಕದಿಂದ ಒಂದು, ಮೇಲಿನಿಂದ ಒಂದು, ಮುಖದ್ದೊಂದು ಫೋಟೊ ಬೇಕು. ಗೂಡಿನ ಹತ್ತಿರ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆ, ಅಳತೆ ಗೊತ್ತಾಗುತ್ತದೆ. ಬಿಡುವಿದ್ದರೆ ಒಂದು ಆಟವನ್ನೂ ಆಡಿ ನೋಡು. 1930ರ ದಶಕದಲ್ಲಿ ಹಾಲೆಂಡಿನ ನಿಕೊ ಟಿನ್‌ಬರ್ಗನ್ ಜೇನುಬೇಟೆಯ ಕಣಜ ಫಿಲಾಂಥಸ್‌ನ ಗೂಡಿನ ಸುತ್ತ ಪೈನ್ ಕಾಯಿಗಳನ್ನು ಬಳೆಯಾಕಾರದಲ್ಲಿ ಇಟ್ಟರು. ಹುಳ ಹೊರಟಾಗ ಮೇಲೆ ಸುತ್ತು ಹೊಡೆದು ಗುರುತು ಮಾಡಿಕೊಂಡು ಹೋಯಿತು. ಅದು ಬರುವುದರೊಳಗೆ ಕಾಯಿಗಳನ್ನು ಪಕ್ಕಕ್ಕೆ ಸರಿಸಿದರು. ವಾಪಸ್ ಬಂದ ಕಣಜ ಕಾಯಿಗಳ ನಡುವೆ ಇಳಿದು ಇಲ್ಲದ ಗೂಡನ್ನು ಹುಡುಕಿತು. ಇಂಥ ಕೆಲಸಗಳಿಗಾಗಿಯೇ 1973ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ನಿನಗೆ ಪೈನ್ ಕಾಯಿ ಸಿಗದು, ಬನ್ನಿಕಾಯಿ ಸಾಕು. ಆಟ ಮುಗಿದ ಮೇಲೆ ಎಲ್ಲವನ್ನೂ ಇದ್ದ ಜಾಗದಲ್ಲೇ ಇಡು, ಪಾಪ, ಅದಕ್ಕೆ ಮನೆ ಸಿಗಬೇಕಲ್ಲ.

ಪ್ರಶ್ನೆ: ಅಕ್ಕಾವ್ರೇ, ನಮ್ಮ ಮನೆ ಹುಬ್ಬಳ್ಳಿಯಲ್ಲಿ. ದೇವರ ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಕಪ್ಪು ಮೈ, ಹಳದಿ ಕಾಲು. "ಕುಂಬಾರ ಹುಳ ಮನಿ ಕಟ್ಟಿದ್ರ ಮನ್ಯಾಗ ತೊಟ್ಟಿಲ ತೂಗತೈತಿ, ಮುಟ್ಟಬ್ಯಾಡ" ಅಂತ ನಮ್ಮತ್ತೆ ಬಿಟ್ಟರು. ಆದರೆ ಕೆಲವು ವಾರದ ಮೇಲೆ ಅದರಿಂದ ಹೊರಬಂದದ್ದು ನೀಲಿ-ಹಸಿರು ಹೊಳೆಯುವ ಬೇರೆಯೇ ಹುಳ! ಕಡ್ಡಿ ತಾಗಿಸಿದರೆ ಉಂಡೆಯಾಯಿತು. ಮರಿಗೆ ಬಣ್ಣ ಬೇರೆ ಇರುತ್ತದೆಯೇ?

ಉತ್ತರ: ಇಲ್ಲಕ್ಕಾ. ಕುಂಬಾರ ಹುಳದ ಮರಿ ರೆಕ್ಕೆಯಿಲ್ಲದ ಬಿಳಿ ಹುಳ. ರೆಕ್ಕೆ ಬಂದು ಹೊರಬೀಳುವಾಗ ಅಮ್ಮನ ಬಣ್ಣವೇ ಇರುತ್ತದೆ. ನಿಮ್ಮ ಚೌಕಟ್ಟಿನ ಮೇಲೆ ನಡೆದದ್ದು ಕಳ್ಳತನ.

ಗೂಡು ಕಟ್ಟಿದ್ದು ಸೆಲಿಫ್ರಾನ್. ಸೊಂಟದ ದಾರವೂ ಹಳದಿಯಾಗಿದ್ದರೆ ಸೆಲಿಫ್ರಾನ್ ಮದ್ರಾಸ್‌ಪಟಾನಮ್. 1781ರಲ್ಲಿ ಡೆನ್ಮಾರ್ಕಿನ ಕೀಟತಜ್ಞ ಫ್ಯಾಬ್ರಿಸಿಯಸ್ ಹೆಸರಿಟ್ಟ ಹುಳ, ನಮ್ಮ ಊರುಗಳಲ್ಲಿ ಎಲ್ಲೆಲ್ಲೂ ಇದೆ. ಬಚ್ಚಲ ನೀರು ನಿಲ್ಲುವ ಜಾಗದಿಂದ ಕೆಸರಿನ ಉಂಡೆ ತಂದು ಒಂದರ ಪಕ್ಕ ಒಂದು ಕೊಳವೆ ಕಟ್ಟುತ್ತದೆ. ಪ್ರತಿ ಕೊಳವೆಯಲ್ಲೂ ಚುಚ್ಚಿ ಕೈಕಾಲು ಆಡದಂತೆ ಮಾಡಿದ ಜೇಡಗಳನ್ನು ಒತ್ತಿ ತುಂಬಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಜೇಡ ಸತ್ತಿರುವುದಿಲ್ಲ, ಅದಕ್ಕೇ ಕೊಳೆಯುವುದಿಲ್ಲ.

ಹೊರಬಂದದ್ದು ಸ್ಟಿಲ್ಬಮ್ ಸಯನ್ಯೂರಮ್, ಕ್ರೈಸಿಡಿಡೆ ಕುಟುಂಬದ್ದು. ಕೋಗಿಲೆಯ ಬುದ್ಧಿ ಇದಕ್ಕೆ. ಕುಂಬಾರ ಹುಳ ಹೋದ ಮೇಲೆ ಬಂದು ಮಣ್ಣಿಗೆ ಸಣ್ಣ ತೂತು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಅದರ ಮರಿ ಮನೆಯೊಡತಿಯ ಮರಿಯನ್ನೇ ತಿಂದು ಬೆಳೆಯುತ್ತದೆ. ಮೈಯೆಲ್ಲ ಗಟ್ಟಿ ಚಿಪ್ಪು, ಮೇಲೆ ಸೂಜಿಯಿಂದ ಚುಚ್ಚಿದಂಥ ಗುಳಿಗಳು. ಹೊಟ್ಟೆಯ ಅಡಿಭಾಗ ಒಳಕ್ಕೆ ತಗ್ಗು. ಅದಕ್ಕೇ ಉಂಡೆಯಾಗಲು ಬರುತ್ತದೆ. ಕೈಮೇಲೆ ಬಿಟ್ಟುಕೊಳ್ಳಿ, ಏನೂ ಮಾಡುವುದಿಲ್ಲ. ಚುಚ್ಚುವ ಶಕ್ತಿ ಇಲ್ಲ.

ಒಂದು ಎಚ್ಚರಿಕೆ. ನೀಲಿ ಹೊಳೆಯುವ ಹುಳಕ್ಕೆ ತೆಳು ಸೊಂಟ ಇದ್ದರೆ ಅದು ಬೇರೆ ಕಥೆ. ಅದು ಕ್ಯಾಲಿಬಿಯಾನ್ ಬೆಂಗಾಲೆನ್ಸೆ. ತಾನು ಗೂಡು ಕಟ್ಟುವ ಗೋಜಿಗೆ ಹೋಗದೆ ಕುಂಬಾರ ಹುಳ ಬಿಟ್ಟುಹೋದ ಹಳೆ ಮಣ್ಣಿನ ಕೊಳವೆಗಳಲ್ಲೋ, ಗೋಡೆಯ ತೂತುಗಳಲ್ಲೋ ಸಂಸಾರ ಹೂಡುತ್ತದೆ. ಅದೂ ಜೇಡ ಹಿಡಿದು ತಂದು ತುಂಬುತ್ತದೆ. ಕಳ್ಳಿಯಲ್ಲ, ಬಾಡಿಗೆದಾರಳು.

ಗೂಡು ಒಡೆಯಬೇಕೆಂದಿದ್ದರೆ ಎಲ್ಲ ತೂತುಗಳೂ ತೆರೆದ ಮೇಲೆ ಒಡೆಯಿರಿ. ಸ್ಪ್ರೇ ಬೇಡ. ಕುಂಬಾರ ಹುಳ ಗೂಡು ಕಾಯಲು ಮೈಮೇಲೆ ಬರುವ ಜಾತಿಯಲ್ಲ. ತೊಟ್ಟಿಲ ವಿಚಾರ ನಿಮ್ಮ ನಿಮ್ಮಲ್ಲಿ ಬಿಟ್ಟದ್ದು.

ಪ್ರಶ್ನೆ: ಹಾವೇರಿ ತಾಲ್ಲೂಕಿನ ರೈತ ನಾನು. ಶೇಂಗಾ ಹೊಲದಲ್ಲಿ ಕೆಂಪು ಎದೆ, ಕಪ್ಪು ಹೊಟ್ಟೆ, ಅದರ ಮೇಲೆ ಬಿಳಿ ಚುಕ್ಕಿ ಇರುವ ಕೂದಲಿನ ದೊಡ್ಡ ಇರುವೆ ಕಂಡೆ. ಒಂದೇ ಓಡಾಡುತ್ತಿತ್ತು. ಮಿರಗದ ಮಳೆಗೆ ಬರುವ ಕೆಂಪು ಮಖಮಲ್ಲಿನ ಹುಳದ ಜಾತಿಯೇ? ಬೆಳೆಗೆ ತೊಂದರೆ ಇದೆಯೇ?

ಉತ್ತರ: ಇರುವೆಯೂ ಅಲ್ಲ, ಮಿರಗದ ಹುಳವೂ ಅಲ್ಲ. ರೆಕ್ಕೆ ಇಲ್ಲದ ಕಣಜ, ಮ್ಯೂಟಿಲಿಡೆ ಕುಟುಂಬದ ಹೆಣ್ಣು. ಮಿರಗದ ಹುಳಕ್ಕೆ ಎಂಟು ಕಾಲು, ಸೊಂಟವಿಲ್ಲ. ಅದು ಜೇಡದ ಕಡೆಯ ನೆಂಟ, ಪಾಪದ ಪ್ರಾಣಿ. ಇರುವೆಯ ಸೊಂಟದಲ್ಲಿ ಗಂಟು ಇರುತ್ತದೆ, ಮೀಸೆ ಮೊಣಕೈ ಮಡಿಚಿದಂತಿರುತ್ತದೆ. ಇದರಲ್ಲಿ ಆ ಗಂಟು, ಆ ಮಡಿಕೆ ಎರಡೂ ಇಲ್ಲ. ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ. ಅದರ ಚುಚ್ಚು ಜೋರು. ಹಿಡಿದರೆ 'ಚೀಂ' ಅಂತ ಸದ್ದು ಮಾಡಿ ಮೊದಲೇ ಎಚ್ಚರಿಸುತ್ತದೆ.

ಗಂಡಿಗೆ ರೆಕ್ಕೆ ಇರುತ್ತದೆ, ಬಣ್ಣವೂ ಬೇರೆ. ಎಷ್ಟು ಬೇರೆ ಅಂದರೆ, ಒಂದೇ ಪ್ರಭೇದದ ಗಂಡು-ಹೆಣ್ಣಿಗೆ ಹಿಂದಿನವರು ಬೇರೆ ಬೇರೆ ಹೆಸರು ಇಟ್ಟದ್ದೂ ಉಂಟು. ಜೋಡಿಯಾಗಿ ಸಿಕ್ಕಾಗಲೇ ಗುಟ್ಟು ಬಯಲಾಗುತ್ತಿತ್ತು. ಈಗ ಡಿಎನ್‌ಎ ಪರೀಕ್ಷೆಯಿಂದಲೂ ಜೋಡಿ ಹೊಂದಿಸುತ್ತಾರೆ. ಬೆಳೆಗೆ ಏನೂ ತೊಂದರೆ ಇಲ್ಲ. ನೆಲದೊಳಗೆ ಗೂಡು ಮಾಡುವ ಜೇನು, ಕಣಜಗಳ ಮರಿಗಳನ್ನು ಹುಡುಕಿಕೊಂಡು ಓಡಾಡುತ್ತಿರುತ್ತದೆ.

ನಿಮ್ಮ ತಿಪ್ಪೆಯ ಮೇಲೆ ದೊಡ್ಡ ಕಪ್ಪು ಕಣಜಗಳು ತೀರಾ ಕೆಳಗೆ ಹಾರುತ್ತಾ ಸುತ್ತುವುದನ್ನು ನೋಡಿದ್ದೀರಾ? ಕೂದಲು ಜಾಸ್ತಿ, ರೆಕ್ಕೆಯ ತುದಿಯಲ್ಲಿ ಸಣ್ಣ ಸಣ್ಣ ನೆರಿಗೆ. ಅದು ಸ್ಕೋಲಿಯಾ ಗುಂಪಿನದು. ಮಣ್ಣಿನೊಳಗೆ ಇಳಿದು ಗೊಣ್ಣೆಹುಳವನ್ನು ಹುಡುಕಿ, ಚುಚ್ಚಿ, ಅದರ ಮೇಲೆ ಮೊಟ್ಟೆ ಇಡುತ್ತದೆ. ಗೊಣ್ಣೆಹುಳ ನಿಮ್ಮ ಬೇರು ತಿನ್ನುವ ವೈರಿ ತಾನೆ? ಔಷಧಿ ಹೊಡೆಯುವ ಮೊದಲು ಇದನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಪ್ರಶ್ನೆ: ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಥಾರ್ ಮರುಭೂಮಿಯ ಕಣಜಗಳ ಮೇಲೆ ಪ್ರಾಜೆಕ್ಟ್ ಮಾಡುವ ಆಸೆ. ಬೆಂಬಿಕ್ಸ್ ಒಂದು ಪುಸ್ತಕದಲ್ಲಿ ಸ್ಫೆಸಿಡೆ ಕುಟುಂಬದಲ್ಲಿದೆ, ಇನ್ನೊಂದರಲ್ಲಿ ಕ್ರಾಬ್ರೊನಿಡೆ, ಹೊಸ ಲೇಖನದಲ್ಲಿ ಬೆಂಬಿಸಿಡೆ. ಯಾವುದು ಸರಿ? ಎಲ್ಲಿಂದ ಶುರು ಮಾಡಲಿ ಮೇಡಂ?

ಉತ್ತರ: ಮೂರೂ ಅವರವರ ಕಾಲಕ್ಕೆ ಸರಿ, ತಂಗಿ. 1897ರಲ್ಲಿ ಬಿಂಗ್‌ಹ್ಯಾಮ್ ಎಂಬ ಸೇನಾಧಿಕಾರಿ ಬ್ರಿಟಿಷ್ ಇಂಡಿಯಾದ ಕಣಜ-ಜೇನುಗಳ ಸಂಪುಟ ಬರೆದಾಗ ದಾರಸೊಂಟದವು, ಮರಳು ಕಣಜಗಳು ಎಲ್ಲವೂ ಒಂದೇ ಕುಟುಂಬದಲ್ಲಿದ್ದವು. 1976ರಲ್ಲಿ ಅಮೆರಿಕದ ಕೀಟತಜ್ಞರಾದ ಬೊಹಾರ್ಟ್ ಮತ್ತು ಮೆಂಕೆ ಜಗತ್ತಿನಲ್ಲಿರುವ ಇವುಗಳ ಎಲ್ಲ ಕುಲಗಳನ್ನು ಒಟ್ಟು ಸೇರಿಸಿ ಬರೆದಾಗಲೂ ಹಾಗೇ. ಆಮೇಲೆ ನಿಜವಾದ ದಾರಸೊಂಟದವನ್ನು ಮಾತ್ರ ಸ್ಫೆಸಿಡೆಯಲ್ಲಿ ಉಳಿಸಿ ಉಳಿದದ್ದನ್ನು ಕ್ರಾಬ್ರೊನಿಡೆಗೆ ಹಾಕಿದರು. ಅದು ಒಂಥರಾ ಉಳಿದವರ ಕೂಟ. 2018ರಲ್ಲಿ ಬಂದ ದೊಡ್ಡ ಡಿಎನ್‌ಎ ಅಧ್ಯಯನ ಅದನ್ನು ಬಿಚ್ಚಿಟ್ಟಿತು. ನಮ್ಮ ಜೇನ್ನೊಣಗಳೂ ಸೇರಿ ಎಲ್ಲ ಜೇನುಗಳೂ ಹುಟ್ಟಿದ್ದು ಈ ಕೂಟದ ಒಳಗಿನಿಂದಲೇ ಅಂತ ಖಚಿತವಾಯಿತು. ಜೇನುಗಳಿಗೆ ತೀರಾ ಹತ್ತಿರದವು ಅಮ್ಮೊಪ್ಲಾನಿನಾ ಅನ್ನುವ ಚಿಕ್ಕಚಿಕ್ಕ ಕಣಜಗಳು. ಆ ಮೇಲೆ ಕ್ರಾಬ್ರೊನಿಡೆ ಒಡೆದು ಹಲವು ಕುಟುಂಬಗಳಾದವು. ಬೆಂಬಿಸಿಡೆ ಅದರಲ್ಲೊಂದು. ನಿನ್ನ ಪ್ರಾಜೆಕ್ಟಿಗೆ ಹೊಸದನ್ನೇ ಬಳಸು. ಹಳೆಯ ಪುಸ್ತಕ ಎಸೆಯಬೇಡ. ಕುಟುಂಬದ ಹೆಸರು ಬದಲಾದರೂ ಹುಳದ ವರ್ಣನೆ ಹಳತಾಗುವುದಿಲ್ಲ.

ಶುರು ಮಾಡುವುದು ಕಾಲರ್‌ನಿಂದ. ತಲೆಯ ಹಿಂದೆ ಕುತ್ತಿಗೆ ಪಟ್ಟಿ ಇರುತ್ತದೆ, ರೆಕ್ಕೆಯ ಬುಡದಲ್ಲಿ ಪುಟ್ಟ ಚಿಪ್ಪು ಇರುತ್ತದೆ. ಪಟ್ಟಿ ಹಿಂದಕ್ಕೆ ಚಾಚಿ ಆ ಚಿಪ್ಪನ್ನು ಮುಟ್ಟಿದರೆ ಒಂದು ದಾರಿ: ಮಡಕೆ ಕಣಜ, ಜೇಡಬೇಟೆಯ ಪಾಂಪಿಲಿಡೆ ಈ ಕಡೆ. ಪಟ್ಟಿ ಗಿಡ್ಡವಾಗಿ, ತುದಿಯಲ್ಲಿ ದುಂಡು ಹಾಲೆಯಾಗಿ, ಚಿಪ್ಪಿಗೆ ಮೊದಲೇ ನಿಂತರೆ ಸ್ಫೆಸಿಡೆ, ಬೆಂಬಿಸಿಡೆ, ಕ್ರಾಬ್ರೊನಿಡೆ ಕಡೆ. ಒಂದು ಹತ್ತುಪಟ್ಟು ಲೆನ್ಸ್ ಇದ್ದರೆ ಸಾಕು, ಇದು ಕಾಣುತ್ತದೆ. ಆಮೇಲೆ ಕೂತಾಗ ರೆಕ್ಕೆ ಉದ್ದಕ್ಕೆ ಮಡಿಚುತ್ತದೆಯಾ? ಮಡಿಚಿದರೆ ವೆಸ್ಪಿಡೆ. ಎದೆಯ ಪಕ್ಕದಲ್ಲಿ ಅಡ್ಡಕ್ಕೆ ನೇರ ಗೆರೆ, ಉದ್ದನೆಯ ಹಿಂಗಾಲು, ಸುರುಳಿ ಮೀಸೆ ಇದ್ದರೆ ಪಾಂಪಿಲಿಡೆ. ಅದೊಂದೇ ಕುಟುಂಬದಲ್ಲಿ ಸುಮಾರು 5000 ಪ್ರಭೇದಗಳಿವೆ, ಗಾಬರಿ ಬೇಡ. ಗಂಡು-ಹೆಣ್ಣು ಮೊದಲೇ ಬೇರೆ ಮಾಡಿಕೋ. ಹೆಣ್ಣಿನ ಮೀಸೆಯಲ್ಲಿ 12 ಗೆಣ್ಣು, ಗಂಡಿನದರಲ್ಲಿ 13. ಹುಳ ಗುರುತಿಸಲು ಪುಸ್ತಕದಲ್ಲಿ ಕೊಡುವ ಕೀಲಿಗಳು ಬಹಳ ಕಡೆ ಎರಡಕ್ಕೂ ಬೇರೆ ಬೇರೆ ಇರುತ್ತವೆ. ಇದನ್ನು ನೋಡದೆ ಮುಂದೆ ಹೋದ ಮಕ್ಕಳು ಎರಡನೇ ಪುಟದಲ್ಲೇ ದಾರಿ ತಪ್ಪುತ್ತಾರೆ.

ಬೇಟೆ ನೋಡಲು ಸಿಕ್ಕರೆ ಬಿಡಬೇಡ. ಒಂದೇ ದೊಡ್ಡ ಜೇಡವನ್ನು ಹಿಮ್ಮುಖವಾಗಿ ಎಳೆದುಕೊಂಡು ಹೋದರೆ ಪಾಂಪಿಲಿಡೆ. ಮಿಡತೆಯ ಮೀಸೆ ಹಿಡಿದು, ಅದರ ಮೇಲೆ ಕಾಲು ಹಾಕಿ ಮುಂದಕ್ಕೆ ನಡೆದರೆ ಸ್ಫೆಕ್ಸ್ ಇರಬಹುದು. ಜೇನ್ನೊಣ ಹಿಡಿದು ಹಾರಿದರೆ ಫಿಲಾಂಥಸ್. ಸೊಂಡಿಲಿರುವ ದುಂಬಿ ಹೊತ್ತಿದ್ದರೆ ಸರ್ಸೆರಿಸ್ ಅಂತ ಶುರು ಮಾಡು.

ಪ್ರಭೇದದ ಹೆಸರು ಬೇಕೇ ಬೇಕು ಅಂದರೆ ಹುಳ ಕೈಯಲ್ಲಿರಬೇಕು. ಹಳದಿ ಬಟ್ಟಲಿಗೆ ಸೋಪಿನ ನೀರು ಹಾಕಿ ನೆಲದ ಮೇಲಿಟ್ಟರೆ ಸಣ್ಣವು ತಾವೇ ಬಂದು ಬೀಳುತ್ತವೆ. ಮರುಭೂಮಿಯಲ್ಲಿ ನೀರು ಬೇಗ ಆರುತ್ತದೆ, ಮಧ್ಯಾಹ್ನದೊಳಗೆ ಎತ್ತಿಬಿಡು. ಪಿನ್ನು ಎದೆಯ ಬಲಭಾಗಕ್ಕೆ ಚುಚ್ಚಬೇಕು, ನಡುವೆ ಅಲ್ಲ. ಬಲಕ್ಕೆ ಚುಚ್ಚಿದರೆ ನೋಡಲು ಎಡ ಉಳಿಯುತ್ತದೆ, ನಡುವಿನ ಗುರುತುಗಳು ಹಾಳಾದರೆ ಮತ್ತೆ ಸಿಗುವುದಿಲ್ಲ. ಜಾಗ, ಅಕ್ಷಾಂಶ-ರೇಖಾಂಶ, ದಿನಾಂಕ, ಯಾವ ಹೂವಿನ ಮೇಲೆ, ಹಿಡಿದವರು ಯಾರು, ಇಷ್ಟೂ ಇರುವ ಚೀಟಿ ಪಿನ್ನಿನಲ್ಲೇ ಇರಬೇಕು. ಚೀಟಿ ಇಲ್ಲದ ಹುಳ ಎಷ್ಟೇ ಅಪರೂಪದ್ದಾಗಲಿ, ಅಧ್ಯಯನಕ್ಕೆ ಬರುವುದಿಲ್ಲ. ಜೈಸಲ್ಮೇರಿನ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಾಗಲಿ, 2019ರಲ್ಲಿ ವನ್ಯಧಾಮವಾದ ನಮ್ಮ ಕಪ್ಪತಗುಡ್ಡದಲ್ಲಾಗಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬಲೆ ಬೀಸಬೇಡ. ಹೋಲಿಸಿ ನೋಡಲು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮರುಭೂಮಿ ಕೇಂದ್ರ ಜೋಧಪುರದಲ್ಲೇ ಇದೆ. ನಿನ್ನ ಮಾರ್ಗದರ್ಶಕರಿಂದ ಪತ್ರ ಬರೆಸಿಕೊಂಡು ಹೋಗು.

ಪ್ರಶ್ನೆ: ಅಣ್ಣಿಗೇರಿಯಲ್ಲಿ ಪ್ರವಚನ ಕೇಳುವಾಗ ಭ್ರಮರ-ಕೀಟ ನ್ಯಾಯದ ಮಾತು ಬಂತು. ಭ್ರಮರ ಕೀಟವನ್ನು ಗೂಡಿನಲ್ಲಿಟ್ಟು ಗುಂಯ್ಗುಡುತ್ತದೆ, ಕೀಟ ಅದನ್ನೇ ಧ್ಯಾನಿಸಿ ತಾನೂ ಭ್ರಮರವಾಗುತ್ತದೆ ಅಂತ. ಇದಕ್ಕೆ ಆಧಾರ ಇದೆಯೇ?

ಉತ್ತರ: ಕಣ್ಣಿನ ಆಧಾರ ಇದೆ ಯಜಮಾನರೇ. ನೋಡಿದವರು ಸರಿಯಾಗಿಯೇ ನೋಡಿದ್ದಾರೆ. ಒಳಗೆ ಹೋದದ್ದು ಕೀಡೆ, ಹೊರಗೆ ಬಂದದ್ದು ಕಣಜ, ನಡುವೆ ಬಾಗಿಲು ಮುಚ್ಚಿತ್ತು. ಒಳಗೆ ಏನಾಯಿತು ಅನ್ನುವುದನ್ನು ಮಾತ್ರ ಊಹಿಸಿದರು.

ನನಗೆ ಖುಷಿಯ ವಿಷಯ ಅಂದರೆ ಆ ಭ್ರಮರ ಯಾವುದು ಅಂತ ಅಂದಾಜು ಮಾಡಬಹುದು. ಮಣ್ಣಿನ ಗೂಡು, ಒಳಗೆ ಕೀಡೆ. ಹುಬ್ಬಳ್ಳಿಯ ಅಕ್ಕನ ಮನೆಯ ಸೆಲಿಫ್ರಾನ್ ಅಲ್ಲ, ಅದು ತುಂಬುವುದು ಜೇಡ. ಕೀಡೆ ತುಂಬುವುದು ಯೂಮಿನೀಸ್, ಡೆಲ್ಟಾದಂಥ ಮಡಕೆ ಕಣಜ. ಅದು ಖಾಲಿ ಮಡಕೆಯ ಒಳಗೆ ಮೊದಲು ಮೊಟ್ಟೆಯನ್ನು ಕೂದಲಿನಂಥ ಎಳೆಯಿಂದ ನೇತುಹಾಕುತ್ತದೆ. ಆಮೇಲೆ ಚುಚ್ಚಿದ ಕೀಡೆಗಳನ್ನು ತುಂಬಿ ಬಾಯಿ ಮುಚ್ಚುತ್ತದೆ. ಕೀಡೆಗೆ ಜೀವ ಇದ್ದರೂ ಅಲುಗಾಡಲು ಬರುವುದಿಲ್ಲ. ಮೊಟ್ಟೆಯೊಡೆದ ಮರಿ ಅದನ್ನೇ ತಿಂದು ದೊಡ್ಡದಾಗುತ್ತದೆ. ಗುಂಯ್ ಸದ್ದು ಮಂತ್ರವಲ್ಲ, ಗೂಡಿನ ಕೆಲಸದ ನಡುವೆ ಬರುವ ಸದ್ದು. ಅನುಭಾವಿಗಳು ಹೇಳಹೊರಟಿದ್ದು ಗುರು-ಶಿಷ್ಯರ ವಿಷಯ. ಅದಕ್ಕೆ ನನ್ನ ಲೆನ್ಸ್ ಬೇಕಿಲ್ಲ.

ಪ್ರಶ್ನೆ: ಕಿಟಕಿಯ ಸರಳಿನ ಸಂದಿಯಲ್ಲಿ ಯಾರೋ ಒಣ ಹುಲ್ಲು ತುರುಕಿದ ಹಾಗಿದೆ. ತೆಗೆದರೆ ಒಳಗೆ ಹಸಿರು ಮಿಡತೆಗಳು. (ಲಕ್ಷ್ಮೇಶ್ವರದ ಶಿಕ್ಷಕಿ)

ಉತ್ತರ: ಐಸೋಡಾಂಟಿಯಾ. ಮಣ್ಣು ಮುಟ್ಟದೆ ಹುಲ್ಲಿನಲ್ಲೇ ಸಂಸಾರ ಮಾಡುವ ದಾರಸೊಂಟದ ಕಣಜ. ಉದ್ದನೆಯ ಹುಲ್ಲಿನ ಎಳೆ ಹಿಡಿದು ಹಾರಿ ಬರುವುದನ್ನು ಮಕ್ಕಳಿಗೆ ತೋರಿಸಿ. ಕಿಟಕಿಯನ್ನು ಸ್ವಲ್ಪ ದಿನ ಹಾಗೇ ಬಿಡಿ.

ಪ್ರಶ್ನೆ: ನಮ್ಮ ಶಾಲೆಯ ಜಗಲಿಯಲ್ಲಿ ಕಂದು ಕಣಜಗಳು ಕಾಗದದಂಥ ಗೂಡು ಕಟ್ಟಿವೆ. ಹತ್ತಾರು ಇವೆ. ಇದೂ ಒಂಟಿ ಕಣಜವೇ? (ಗದಗಿನ ಎಂಟನೇ ತರಗತಿ ವಿದ್ಯಾರ್ಥಿ)

ಉತ್ತರ: ಅಲ್ಲಪ್ಪಾ. ಹತ್ತಾರು ಇವೆ ಅಂತ ನೀನೇ ಹೇಳಿದೆಯಲ್ಲ! ರೋಪಾಲಿಡಿಯಾ ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದು ಇದೇ ಕುಲದ ರೋಪಾಲಿಡಿಯಾ ಮಾರ್ಜಿನಾಟವನ್ನು. ಇವು ಗೂಡನ್ನು ಕಾಯುತ್ತವೆ, ಕೋಲು ಹಾಕಬೇಡ. ದೂರ ಕೂತು ಯಾವುದು ಗೂಡಲ್ಲೇ ಇರುತ್ತದೆ, ಯಾವುದು ಹೊರಗೆ ಹೋಗುತ್ತದೆ ಅಂತ ಬರೆದಿಡು. ಆ ಹಾಳೆ ನನಗೂ ಕಳಿಸು. ಉತ್ತರ ಖಂಡಿತ ಬರೆಯುತ್ತೇನೆ.